ಸಮ ಖಾಲಿ ಬಿಟ್ಟ ತಾಳ: ಕಿಂಗ್‌ಸ್ಟನ್ನಿನಲ್ಲಿ ಆರು ದಿನ

ಮೊದಲ ದಿನ, ಬುಧವಾರ

ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ವಿಮಾನ ಇಳಿಯುವಾಗ ಎರಡೂ ಕಡೆಯ ಕಿಟಕಿಗಳಲ್ಲಿ ನೀರೇ ಕಾಣುತ್ತದೆ. ಕಿಂಗ್‌ಸ್ಟನ್ ಬಂದರಿಗೆ ಅಡ್ಡವಾಗಿ ಸಮುದ್ರದೊಳಗೆ ಚಾಚಿರುವ ಮರಳದಿಬ್ಬದ ಮೇಲೆ ನಿಲ್ದಾಣ. ಆ ದಿಬ್ಬದ ಹೆಸರು ಪಾಲಿಸಡೋಸ್. ಈಗ ನಾರ್ಮನ್ ಮ್ಯಾನ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಎನ್ನುವುದಕ್ಕೂ ಹಿಂದೆ ಅದೇ ಹೆಸರಿತ್ತು. ಅಣ್ಣನ ಮಗ ಫ್ಲೋರಿಡಾದಿಂದ ನನಗಿಂತ ಎರಡು ಗಂಟೆ ಮೊದಲೇ ಬಂದು ಕಾಯುತ್ತಿದ್ದ.

"ಚಿಕ್ಕಪ್ಪಾ, ಇಪ್ಪತ್ತೈದು ವರ್ಷದಿಂದ ಹೋಗ್ಬೇಕು ಹೋಗ್ಬೇಕು ಅಂತಿದ್ರಿ. ಬಂದೇಬಿಟ್ರಲ್ಲ!" ಅಂದು ನನ್ನ ಚೀಲ ಕಿತ್ತುಕೊಂಡ.

ತಿಪಟೂರಿನಲ್ಲಿ ನಮ್ಮ ಅಪ್ಪನದು ಮೈಕ್‌ಸೆಟ್ ಅಂಗಡಿ. ಮದುವೆ, ಜಾತ್ರೆ, ಗಣಪತಿ, ಚುನಾವಣೆ ಎಲ್ಲಕ್ಕೂ ನಮ್ಮ ಹಾರ್ನು, ನಮ್ಮ ಬಾಕ್ಸು. ಎಂಬತ್ತರ ದಶಕದ ಕೊನೆಯಲ್ಲಿ ಗೆಳೆಯನೊಬ್ಬ ಬೆಂಗಳೂರಿನಿಂದ ತಂದ ಕ್ಯಾಸೆಟ್ಟನ್ನು ಅಂಗಡಿಯ ದೊಡ್ಡ ಬಾಕ್ಸಿನಲ್ಲಿ ಹಾಕಿ ಕೇಳಿದೆ. ಹಾಡು ಅರ್ಥವಾಗಲಿಲ್ಲ. ಕೆಳಗಿನ ಆ ಬೇಸ್ ಮಾತ್ರ ಎದೆಗೂಡಿನೊಳಗೆ ಬಂದು ಕೂತಿತು. ವಾಲ್ಯೂಮ್ ಏರಿಸುತ್ತಾ ಹೋದೆ, ಸ್ಪೀಕರಿನ ಕೋನ್ ಹರಿಯಿತು, ಅಪ್ಪ ಎರಡು ದಿನ ಮಾತಾಡಲಿಲ್ಲ. ಜಮೈಕಾದ ಆ ಸಂಗೀತಕ್ಕೆ ರೆಗೆ ಎಂಬ ಹೆಸರಿದೆ ಎಂದು ನನಗೆ ಗೊತ್ತಾಗಿದ್ದು ಹಾಗೆ. ಆ ಪದಕ್ಕೆ ಏನರ್ಥ, ಅದು ಎಲ್ಲಿಂದ ಬಂತು ಎನ್ನುವುದು ಅಂದಿನಿಂದ ತಲೆಯಲ್ಲೇ ಉಳಿದಿದೆ.

ಟ್ಯಾಕ್ಸಿಯವರು ದಿಬ್ಬದ ರಸ್ತೆಯಲ್ಲಿ ಹೋಗುತ್ತಾ 1966ರ ಏಪ್ರಿಲ್ 21ರ ಕಥೆ ಹೇಳಿದರು. ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಇದೇ ನಿಲ್ದಾಣದಲ್ಲಿ ಇಳಿದ ದಿನ. ಅವರನ್ನು ದೇವರೆಂದು ನಂಬುವ ರಾಸ್ತಾಫಾರಿಗಳು ಸಾವಿರಾರು ಜನ ಸೇರಿದ್ದರು. ಬೆಳಗಿನಿಂದ ಮಳೆ. ವಿಮಾನ ನಿಂತದ್ದೇ ತಡ ಜನ ಕಾವಲು ಮುರಿದು ಓಡಿ ರೆಕ್ಕೆಯ ಕೆಳಗೆ ನಿಂತರು. ಚಕ್ರವರ್ತಿ ಇಳಿಯಲಾಗದೆ ಒಳಗೇ ಉಳಿದರು. ಕೊನೆಗೆ ಮಾರ್ಟಿಮೊ ಪ್ಲಾನೊ ಎಂಬ ರಾಸ್ತಾ ಹಿರಿಯ ಮೆಟ್ಟಿಲು ಹತ್ತಿ ಜನರಿಗೆ ದಾರಿ ಬಿಡಿ ಎಂದು ಕೂಗಿ ಹೇಳಿದ ಮೇಲೆ ಇಳಿದು ಬಂದದ್ದು. ಅದಕ್ಕೆ ಮೂರೇ ವರ್ಷ ಹಿಂದೆ, 1963ರ ಏಪ್ರಿಲ್‌ನಲ್ಲಿ, ಕೋರಲ್ ಗಾರ್ಡನ್ಸ್ ಎಂಬಲ್ಲಿನ ಗಲಭೆಯ ನೆಪದಲ್ಲಿ ಪೊಲೀಸರು ರಾಸ್ತಾಗಳನ್ನು ಸಿಕ್ಕಸಿಕ್ಕಲ್ಲಿ ಹಿಡಿದು, ಹೊಡೆದು, ಜಡೆ ಕತ್ತರಿಸಿದ್ದರು. ಸರ್ಕಾರ ಅದಕ್ಕೆ ಕ್ಷಮೆ ಕೇಳಿದ್ದು 2017ರಲ್ಲಿ.

ಎರಡನೆಯ ದಿನ, ಗುರುವಾರ

ಊರಿನ ಕೆಳಭಾಗಕ್ಕೆ ಹೋದೆವು. ಪರೇಡ್ ಎಂದು ಕರೆಯುವ ಚೌಕ, ಸುತ್ತ ಸಂತೆಯ ಗದ್ದಲ, ಅಲ್ಲಿಂದ ಉತ್ತರಕ್ಕೆ ಆರೆಂಜ್ ಸ್ಟ್ರೀಟ್. ಒಂದು ಕಾಲಕ್ಕೆ ಈ ಬೀದಿಯಲ್ಲಿ ರೆಕಾರ್ಡ್ ಅಂಗಡಿಗಳು ಸಾಲಾಗಿದ್ದವು, ಅದಕ್ಕೇ ಬೀಟ್ ಸ್ಟ್ರೀಟ್ ಎಂಬ ಅಡ್ಡಹೆಸರು. ಈಗ ಬೆರಳೆಣಿಕೆಯಷ್ಟು ಉಳಿದಿವೆ. ಮಿಕ್ಕವು ಬೀಗ ಹಾಕಿದ ಬಾಗಿಲು, ಬಣ್ಣ ಹೋದ ಗೋಡೆ.

ನನಗೆ ಇಲ್ಲಿ ನಿಂತು ನಮ್ಮಪ್ಪನ ನೆನಪಾಯಿತು. ಏಕೆಂದರೆ ಈ ಸಂಗೀತ ಹುಟ್ಟಿದ್ದೇ ಮೈಕ್‌ಸೆಟ್‌ನವರಿಂದ. ಇಲ್ಲಿ ಅದಕ್ಕೆ ಸೌಂಡ್ ಸಿಸ್ಟಮ್ ಎನ್ನುತ್ತಾರೆ. 1940ರ ದಶಕದ ಕೊನೆಗೆ ಟಾಮ್ ವಾಂಗ್ ಎಂಬ ಚೀನೀ ಮೂಲದ ಹಾರ್ಡ್‌ವೇರ್ ವ್ಯಾಪಾರಿ ಆಳೆತ್ತರದ ಬಾಕ್ಸುಗಳನ್ನು ಬಯಲಿನಲ್ಲಿ ನಿಲ್ಲಿಸಿ, ಅಮೆರಿಕದ ಪ್ಲೇಟುಗಳನ್ನು ಹಾಕಿ ಜನರನ್ನು ಕುಣಿಸಿದ. ಅವನಿಗೆ ಆಂಪ್ಲಿಫೈಯರ್ ಕಟ್ಟಿಕೊಟ್ಟವನು ಹೆಡ್ಲಿ ಜೋನ್ಸ್, ಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿ ಕೆಲಸ ಮಾಡಿ ಬಂದವನು. ವಾದ್ಯಗಾರರನ್ನು ಕರೆಸಲು ಹಣವಿಲ್ಲದವರಿಗೆ ಇದೇ ಆರ್ಕೆಸ್ಟ್ರಾ. ಬಾಗಿಲಲ್ಲಿ ಟಿಕೆಟ್, ಪಕ್ಕದಲ್ಲಿ ಬಿಯರ್, ಒಂದು ಪಾತ್ರೆಯಲ್ಲಿ ಮೇಕೆ ಮಾಂಸದ ಸಾರು.

ಆಮೇಲೆ ಇಬ್ಬರು ದೊಡ್ಡ ಎದುರಾಳಿಗಳು ಬಂದರು. ಪೊಲೀಸ್ ಕೆಲಸ ಬಿಟ್ಟು ಬಾಂಡ್ ಸ್ಟ್ರೀಟಿನಲ್ಲಿ ಮದ್ಯದಂಗಡಿ ಇಟ್ಟಿದ್ದ ಡ್ಯೂಕ್ ರೀಡ್ ಒಬ್ಬ. ಅಮೆರಿಕಕ್ಕೆ ಕೃಷಿಕೂಲಿಯಾಗಿ ಹೋಗಿ, ಬರುವಾಗ ಪ್ಲೇಟುಗಳನ್ನು ಹೊತ್ತು ತಂದ ಕ್ಲೆಮೆಂಟ್ 'ಕಾಕ್ಸನ್' ಡಾಡ್ ಇನ್ನೊಬ್ಬ. ತನ್ನ ಬಳಿ ಇರುವ ಹಾಡು ಎದುರಿನವನಿಗೆ ಗೊತ್ತಾಗಬಾರದೆಂದು ಪ್ಲೇಟಿನ ನಡುವಿನ ಲೇಬಲ್ಲನ್ನೇ ಕೆರೆದು ಹಾಕುತ್ತಿದ್ದರು. ಐವತ್ತರ ದಶಕದ ಕೊನೆಗೆ ಅಮೆರಿಕದಲ್ಲಿ ರುಚಿ ಬದಲಾಯಿತು. ಇವರಿಗೆ ಬೇಕಾದ ಗತ್ತಿನ ಹಾಡು ಬರುವುದು ಕಡಿಮೆಯಾಯಿತು. ಆಗ ಇವರೇ ಇಲ್ಲಿಯ ಹುಡುಗರನ್ನು ಕೂರಿಸಿ ಹಾಡು ಮಾಡಿಸಿದರು. ಮಾರಾಟಕ್ಕಲ್ಲ, ಶನಿವಾರ ರಾತ್ರಿ ಎದುರಾಳಿಯ ಜನರನ್ನು ಸೆಳೆಯುವುದಕ್ಕೆ. ಸ್ಕಾ ಬಂದದ್ದು ಹಾಗೆ. ಅದು 1962ರ ಆಗಸ್ಟ್ 6ರ ಸ್ವಾತಂತ್ರ್ಯದ ಆಸುಪಾಸಿನ ಉಮೇದಿನ ಸಂಗೀತ, ಓಡುವ ಸಂಗೀತ. 1966ರಲ್ಲಿ ಅದರ ನಡಿಗೆ ನಿಧಾನವಾಗಿ ರಾಕ್‌ಸ್ಟೆಡಿ ಆಯಿತು. ಆ ಬೇಸಿಗೆಯ ಸೆಕೆಗೆ ಜನ ಬೇಗ ಕುಣಿಯಲಾರದೇ ಹೋದರು ಎನ್ನುತ್ತಾರೆ. ಸ್ವಾತಂತ್ರ್ಯ ಬಂದು ನಾಲ್ಕು ವರ್ಷಕ್ಕೆ ಕೆಲಸವಿಲ್ಲದ ಹುಡುಗರ ಕಾಲು ತಾನಾಗಿಯೇ ನಿಧಾನವಾಗಿತ್ತು ಎಂದು ನನಗೆ ಅನಿಸುತ್ತದೆ. ರಾಕ್‌ಸ್ಟೆಡಿಯ ಬೆನ್ನಿಗೇ ರೆಗೆ ಬಂತು.

ಬಾಂಡ್ ಸ್ಟ್ರೀಟಿನ ಆ ಮದ್ಯದಂಗಡಿಯ ಮಹಡಿಯಲ್ಲೇ ಟ್ರೆಷರ್ ಐಲ್ ಸ್ಟುಡಿಯೊ ಇತ್ತು. ರಾಕ್‌ಸ್ಟೆಡಿಯ ಚೆಂದದ ಹಾಡುಗಳೆಷ್ಟೋ ಅಲ್ಲಿ ಧ್ವನಿಮುದ್ರಣಗೊಂಡವು. ಹೊರಗೆ ನಿಂತು ನೋಡಿ ಬಂದೆವು.

ಉಳಿದ ಅಂಗಡಿಯೊಂದರಲ್ಲಿ ಜಡೆಗಟ್ಟಿದ ಬಿಳಿಗೂದಲಿನ ಹಿರಿಯರಿದ್ದರು. ರೆಗೆ ಎಂಬ ಪದದ ಅರ್ಥ ಕೇಳಿದೆ. ಅವರು ಉತ್ತರ ಹೇಳದೆ ಒಂದು ಏಳಿಂಚಿನ ಪ್ಲೇಟು ಹಾಕಿದರು. ಟೂಟ್ಸ್ ಹಿಬರ್ಟ್ ಅವರ ಮೇಟಲ್ಸ್ ತಂಡ 1968ರಲ್ಲಿ ಹಾಡಿದ 'ಡು ದ ರೆಗೆ'. ಆ ಪದ ಹಾಡಿನ ಹೆಸರಾಗಿ ಪ್ಲೇಟಿನ ಮೇಲೆ ಬಂದದ್ದು ಅದರಿಂದ. ಟೂಟ್ಸ್ ಹಿಬರ್ಟ್ ತಾವೇ ಹೇಳಿದ್ದುಂಟು: ಕಿಂಗ್‌ಸ್ಟನ್ನಿನ ಬೀದಿಯಲ್ಲಿ ಸರಿಯಾಗಿ ಉಡದ, ಕೆದರಿಕೊಂಡ ಹುಡುಗಿಗೆ 'ಸ್ಟ್ರೆಗೆ' ಎನ್ನುತ್ತಿದ್ದರು, ಅದರಿಂದ ಬಾಯಿಗೆ ಬಂತು ಎಂದು. ರೆಗೆಯ ಅತಿ ದೊಡ್ಡ ಹೆಸರಾದ ಗಾಯಕ ಬಾಬ್ ಮಾರ್ಲಿ, ಅದು ಸ್ಪ್ಯಾನಿಷ್ ಮೂಲದ್ದು, ರಾಜನ ಸಂಗೀತ ಎಂದರ್ಥ ಎನ್ನುತ್ತಿದ್ದರು. ಗಿಟಾರು ಕೆರೆಯುವ ಸದ್ದೇ ಆ ಪದ ಎನ್ನುವ ವಾದ್ಯಗಾರರೂ ಇದ್ದಾರೆ. 1967ರಲ್ಲಿ ಅಚ್ಚಾದ ಜಮೈಕನ್ ಇಂಗ್ಲಿಷ್ ನಿಘಂಟಿನಲ್ಲಿ 'ರೆಗೆ-ರೆಗೆ' ಎಂಬ ಪದವಿದೆ. ಅರ್ಥ: ಚಿಂದಿ ಬಟ್ಟೆ, ಮತ್ತೆ ಜಗಳ.

"ರಾಜ ಒಂದ್ಕಡೆ, ಚಿಂದಿ ಒಂದ್ಕಡೆ. ಯಾವ್ದು ಸರಿ ಚಿಕ್ಕಪ್ಪಾ?" ಎಂದ ಹುಡುಗ.

ನನಗೆ ಆವತ್ತೇ ಚಿಂದಿಯ ಕಡೆ ಮನಸ್ಸು ವಾಲಿತು.

ಮೂರನೆಯ ದಿನ, ಶುಕ್ರವಾರ

ಫೆಬ್ರವರಿ 6. ಮಾರ್ಲಿ ಹುಟ್ಟಿದ ದಿನ. ಊರಿಗೆ ಊರೇ ಹೋಪ್ ರೋಡಿನ 56ನೇ ನಂಬರಿನ ಮನೆಯ ಕಡೆ ಹೊರಟಿತ್ತು. ಬೆಳಿಗ್ಗೆ ಅದನ್ನು ಬಿಟ್ಟು ನಾವು ಸೌತ್ ಕ್ಯಾಂಪ್ ರೋಡಿಗೆ ಹೋದೆವು. ಈ ಪ್ರವಾಸದಲ್ಲಿ ನಾನು ಅತ್ಯಂತ ಕಾದಿದ್ದು ಈ ರಸ್ತೆಗೆ.

ಒಂದು ಕಾರಣ ಕ್ರಿಕೆಟ್. ಸಬೀನಾ ಪಾರ್ಕ್ ಈ ರಸ್ತೆಯಲ್ಲೇ ಇದೆ. 1976ರಲ್ಲಿ ನಮ್ಮ ವಿಶ್ವನಾಥ್ ಬೆರಳು ಮುರಿದುಕೊಂಡದ್ದು, ಬ್ರಿಜೇಶ್ ಪಟೇಲರ ಬಾಯಿಗೆ ಚೆಂಡು ಬಡಿದದ್ದು, ಎರಡನೆಯ ಇನಿಂಗ್ಸಿನಲ್ಲಿ ಐದು ವಿಕೆಟ್ ಬಿದ್ದ ಮೇಲೆ ಆಡಲು ಯಾರೂ ಉಳಿಯದೆ 97ಕ್ಕೆ ಭಾರತ ಮುಗಿದದ್ದು ಇಲ್ಲಿ. ಮೂವತ್ತು ವರ್ಷದ ಮೇಲೆ, 2006ರಲ್ಲಿ, ದ್ರಾವಿಡ್ 81 ಮತ್ತು 68 ಹೊಡೆದು, ಕುಂಬ್ಳೆ ಕೊನೆಯ ಇನಿಂಗ್ಸಿನಲ್ಲಿ 78 ರನ್ನಿಗೆ ಆರು ವಿಕೆಟ್ ಕಿತ್ತು ಸರಣಿ ಗೆದ್ದದ್ದೂ ಇಲ್ಲಿಯೇ. ಗೇಟಿನ ಕಾವಲುಗಾರನಿಗೆ ಬೆಂಗಳೂರಿನ ಕಡೆಯವರು ಅಂದೆವು. ಕ್ರಿಸ್ ಗೇಲ್ ಇದೇ ಊರಿನವನು, ನಿಮ್ಮೂರಲ್ಲಿ 175 ಹೊಡೆದನಲ್ಲ ಎಂದು ಕೈ ಹಿಡಿದುಕೊಂಡ. ಐದು ನಿಮಿಷ ಒಳಗೆ ಬಿಟ್ಟ.

ಎರಡನೆಯ ಕಾರಣ ಅದೇ ರಸ್ತೆಯ 26ನೇ ನಂಬರ್, ಆಲ್ಫಾ. ಜೆಸ್ಸಿ ರಿಪೊಲ್ ಎಂಬ ಕ್ಯಾಥೊಲಿಕ್ ಹೆಂಗಸು 1880ರಲ್ಲಿ ಒಬ್ಬ ಅನಾಥ ಹುಡುಗಿಯೊಂದಿಗೆ ಶುರುಮಾಡಿದ ಆಶ್ರಯ ಇದು. ಆಮೇಲೆ ಸಿಸ್ಟರ್ಸ್ ಆಫ್ ಮರ್ಸಿ ಸಂನ್ಯಾಸಿನಿಯರ ಕೈಗೆ ಬಂತು. ಅಪ್ಪ ಅಮ್ಮ ಇಲ್ಲದವರು, ಇದ್ದೂ ಸಾಕಲಾಗದವರ ಮಕ್ಕಳು, ಕೋರ್ಟು ಕಳಿಸಿದ ಪುಂಡರು ಎಲ್ಲರೂ ಇಲ್ಲಿಗೆ ಬರುತ್ತಿದ್ದರು. ದರ್ಜಿ ಕೆಲಸ, ಬಡಗಿ ಕೆಲಸ, ಮುದ್ರಣ, ತೋಟ, ಜೊತೆಗೆ ಬ್ಯಾಂಡು. ಸಿಸ್ಟರ್ ಮೇರಿ ಇಗ್ನೇಷಿಯಸ್ ಡೇವಿಸ್ ಎಂಬ ಪುಟ್ಟ ಆಳಿನ ಸಂನ್ಯಾಸಿನಿ ದಶಕಗಳ ಕಾಲ ಇಲ್ಲಿದ್ದು, 2003ರಲ್ಲಿ ತೀರಿಕೊಂಡರು. ಅವರ ಬಳಿ ಜಾಝ್, ಬ್ಲೂಸ್, ಶಾಸ್ತ್ರೀಯ ಪ್ಲೇಟುಗಳ ದೊಡ್ಡ ಸಂಗ್ರಹವಿತ್ತು. ಮಕ್ಕಳನ್ನು ಕೂರಿಸಿಕೊಂಡು ಕೇಳಿಸುತ್ತಿದ್ದರು.

1964ರಲ್ಲಿ ಸ್ಕಟಲೈಟ್ಸ್ ಎಂಬ ತಂಡ ಕೂಡಿತು. ಅದರಲ್ಲಿ ಟಾಮಿ ಮೆಕುಕ್, ಜಾನಿ ಮೂರ್, ಲೆಸ್ಟರ್ ಸ್ಟರ್ಲಿಂಗ್, ಡಾನ್ ಡ್ರಮಂಡ್ ನಾಲ್ವರೂ ಆಲ್ಫಾದ ಹುಡುಗರು. ಒಂದೂವರೆ ವರ್ಷವೂ ಒಟ್ಟಿಗೆ ಬಾಳದ ಆ ತಂಡ ಆ ಹೊತ್ತಿನ ಹೆಚ್ಚುಕಡಿಮೆ ಎಲ್ಲ ಗಾಯಕರ ಹಿಂದೆಯೂ ಊದಿದೆ, ನುಡಿಸಿದೆ. ಡ್ರಮಂಡ್‌ನ ಟ್ರಾಂಬೋನ್ ಕೇಳಿದರೆ ಯಾರೋ ಗಂಟಲು ಕಟ್ಟಿದ ಮನುಷ್ಯ ಮಾತಾಡಲು ಹೆಣಗುತ್ತಿದ್ದಾನೆ ಅನಿಸುತ್ತದೆ. ಅವನು 1969ರಲ್ಲಿ ಬೆಲ್‌ವ್ಯೂ ಮಾನಸಿಕ ಆಸ್ಪತ್ರೆಯಲ್ಲಿ ಸತ್ತ. ಬೇಲಿಯ ಹೊರಗೆ ನಿಂತಾಗ ಒಳಗೆ ಯಾರೋ ಹುಡುಗ ತುತ್ತೂರಿಯಲ್ಲಿ ಒಂದೇ ಸ್ವರ ಹಿಡಿದು ಅಭ್ಯಾಸ ಮಾಡುತ್ತಿದ್ದ. ತಪ್ಪಿದರೆ ಮತ್ತೆ, ತಪ್ಪಿದರೆ ಮತ್ತೆ. ಅಣ್ಣನ ಮಗನಿಗೆ ಮೈಸೂರಿನಲ್ಲಿ ಮೃದಂಗ ಕಲಿತ ದಿನಗಳು ನೆನಪಾದವು ಅಂತ ಕಾಣುತ್ತದೆ. ಅಲ್ಲಿಂದ ಅಲುಗಾಡಲಿಲ್ಲ.

ಈ ಹುಡುಗರು ಪ್ಲೇಟಿನಲ್ಲಿ ಕೇಳಿದ್ದು ಜಾಝ್. ಊರಿನ ಪೂರ್ವಕ್ಕಿರುವ ವಾರೈಕಾ ಬೆಟ್ಟದ ಕಡೆ ಅವರು ಕಂಡದ್ದು ಇನ್ನೊಂದು. ಅಲ್ಲಿ ಕೌಂಟ್ ಆಸ್ಸಿ ಎಂಬ ರಾಸ್ತಾ ಡೋಲಿನವನ ಬೀಡಿತ್ತು. ಗುಲಾಮರ ಕಾಲದಿಂದ ಬಂದ ಬುರು ಎಂಬ ಡೋಲಿನ ಪದ್ಧತಿಯನ್ನು ಅದರ ಹಿರಿಯರಿಂದ ಕಲಿತು ಅವನು ರಾಸ್ತಾಗಳ ನೈಬಿಂಗಿ ಪೂಜೆಯ ಡೋಲಿಗೆ ರೂಪು ಕೊಟ್ಟ. ಮೂರು ಡೋಲು: ಕೋಲಿನಿಂದ ಗುದ್ದುವ ಬೇಸ್, ಎದೆಬಡಿತದಂತೆ ಬಿಡದೆ ನಡೆಯುವ ಫಂಡೆ, ಮೇಲೆ ಮಾತಾಡುವ ರಿಪೀಟರ್. ಮರ್ಯಾದಸ್ಥರು ಆ ಸದ್ದು ಕೇಳಿದರೆ ಬಾಗಿಲು ಹಾಕುತ್ತಿದ್ದ ಕಾಲ. ಆಲ್ಫಾದ ಹುಡುಗರು ಕೊಳಲು ಕಹಳೆ ಹಿಡಿದು ಆ ಬೀಡಿಗೆ ಹೋಗಿ ರಾತ್ರಿಯಿಡೀ ಕೂಡಿ ನುಡಿಸಿದರು.

ಸಂಜೆ ಹೋಪ್ ರೋಡಿಗೂ ಹೋದೆವು. ಬಾಗಿಲಿನವರೆಗೂ ಜನ. ಡೋಲು ಬಡಿಯುತ್ತಿದ್ದರು. 1976ರ ಡಿಸೆಂಬರ್ 3ರಂದು ಮಾರ್ಲಿಯ ಮೇಲೆ ಗುಂಡು ಹಾರಿಸಿದ ಮನೆ ಇದು. ಎರಡೇ ದಿನಕ್ಕೆ ಅವರು ಗಾಯದ ಕೈಯಲ್ಲೇ ವೇದಿಕೆ ಹತ್ತಿ ಹಾಡಿದರು.

ನಾಲ್ಕನೆಯ ದಿನ, ಶನಿವಾರ

ಟ್ರೆಂಚ್ ಟೌನ್, ಕಿಂಗ್‌ಸ್ಟನ್ನಿನ ಬಡವರ ಬಡಾವಣೆ. ಗೊತ್ತಿದ್ದವರ ಜೊತೆಗೇ ಹೋಗಿ ಎಂದು ಹೇಳಿದ್ದರಿಂದ ಅಲ್ಲಿಯದೇ ಹುಡುಗನೊಬ್ಬನನ್ನು ಕರೆದುಕೊಂಡೆವು. ಫಸ್ಟ್ ಸ್ಟ್ರೀಟಿನ ಕಲ್ಚರ್ ಯಾರ್ಡ್‌ನ ಗೋಡೆಯ ಮೇಲೆಲ್ಲ ಚಿತ್ರ. ಒಳಗೆ ಅಂಗಳ. ಅಂಗಳದ ಸುತ್ತ ಸಾಲುಕೋಣೆ. ಒಂದೊಂದು ಕೋಣೆಗೆ ಒಂದೊಂದು ಸಂಸಾರ. ಅಡುಗೆಮನೆ ಎಲ್ಲರಿಗೂ ಒಂದೇ, ನಲ್ಲಿಯೂ ಒಂದೇ. 1940ರ ದಶಕದಲ್ಲಿ ಸರ್ಕಾರ ಕಟ್ಟಿಸಿದ ಈ ಮನೆಗಳಿಗೆ ಗವರ್ನಮೆಂಟ್ ಯಾರ್ಡ್ ಎನ್ನುತ್ತಿದ್ದರು. ನಮ್ಮ ವಠಾರವೇ ಸರಿ. ವಠಾರದಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಯಾರ ಮನೆಯ ಒಗ್ಗರಣೆ, ಯಾರ ಮನೆಯ ಜಗಳ, ಯಾರ ಮಗು ಅಳುತ್ತಿದೆ, ಎಲ್ಲ ಎಲ್ಲರಿಗೂ ಗೊತ್ತು.

ವಠಾರದಲ್ಲಿ ಹಾಡು ಒಬ್ಬರದಾಗಿ ಉಳಿಯುವುದಿಲ್ಲ. ಇಲ್ಲಿ ಜೋ ಹಿಗ್ಸ್ ಎಂಬ ಗಾಯಕ ಸಂಜೆ ಹೊತ್ತು ಹುಡುಗರಿಗೆ ಪಾಠ ಹೇಳುತ್ತಿದ್ದರು. ದುಡ್ಡಿಲ್ಲದ ಪಾಠ. ಮೂರು ಕಂಠ ಹೇಗೆ ಕೂಡಬೇಕು, ಉಸಿರು ಎಲ್ಲಿ ಹಿಡಿಯಬೇಕು. ಬಾಬ್ ಮಾರ್ಲಿ, ಪೀಟರ್ ಟಾಷ್, ಬನ್ನಿ ವೇಲರ್ ಮೂವರೂ ಆ ಅಂಗಳದ ಶಿಷ್ಯರು. ಇಲ್ಲೇ ಅಡುಗೆ ಮಾಡಿ ಹಸಿದವರಿಗೆ ಬಡಿಸುತ್ತಿದ್ದ ವಿನ್ಸೆಂಟ್ ಫೋರ್ಡ್ ಮಾರ್ಲಿಯ ಗೆಳೆಯ. 1974ರ 'ನೋ ವುಮನ್ ನೋ ಕ್ರೈ' ಹಾಡಿನ ಕರ್ತೃ ಎಂದು ಅವರ ಹೆಸರೇ ಇದೆ. ಹಾಡಿನಿಂದ ಬಂದ ಹಣ ಆ ಅಡುಗೆಮನೆಗೂ ಸಂದಿತು. ಆ ಹಾಡಿನಲ್ಲಿ ಬರುವ ಮುಸುಕಿನ ಜೋಳದ ಹಿಟ್ಟಿನ ಗಂಜಿ ಇದೇ ಒಲೆಯದು. ಅಂಗಳದ ಮೂಲೆಯಲ್ಲಿ ತುಕ್ಕು ಹಿಡಿದ ಮಾರ್ಲಿಯ ನೀಲಿ ಫೋಕ್ಸ್‌ವ್ಯಾಗನ್ ವ್ಯಾನು ನಿಂತಿದೆ.

ನೆರಳಲ್ಲಿ ಕೂತು ಒಬ್ಬರು ಗಿಟಾರ್ ನುಡಿಸುತ್ತಿದ್ದರು, ಇನ್ನೊಬ್ಬರು ಪೆಟ್ಟಿಗೆಯ ಮೇಲೆ ತಾಳ. ಅಣ್ಣನ ಮಗ ತೊಡೆಯ ಮೇಲೆ ಕೈ ಹಾಕಿ ಎಣಿಸತೊಡಗಿದ. ಎರಡು ಸಲ ತಪ್ಪಿದ. ಮುಖ ಗಂಟಿಕ್ಕಿತು.

"ಚಿಕ್ಕಪ್ಪಾ, ಇವರು ಸಮದಲ್ಲಿ ಹೊಡೀತಾನೇ ಇಲ್ಲ!" ಸಮ ಎಂದರೆ ತಾಳದ ಮೊದಲ ಹೊಡೆತ.

ಪೆಟ್ಟಿಗೆ ಬಡಿಯುತ್ತಿದ್ದವರು ನಕ್ಕು, ಅವನ ಕೈ ಹಿಡಿದು ತೋರಿಸಿದರು. ನಾಲ್ಕು ಎಣಿಸು. ಒಂದು ಬರುವಾಗ ಕೈ ಎತ್ತಿಯೇ ಇಟ್ಟುಕೋ. ಎರಡಕ್ಕೂ ನಾಲ್ಕಕ್ಕೂ ಗಿಟಾರು ಚಕ್ ಅನ್ನುತ್ತದೆ. ದೊಡ್ಡ ಡ್ರಮ್ಮಿನ ಹೊಡೆತ ಬೀಳುವುದು ಮೂರಕ್ಕೆ. ಇದೇ ವನ್ ಡ್ರಾಪ್. ಒಂದನ್ನು ಬಿಟ್ಟುಬಿಟ್ಟದ್ದಕ್ಕೇ ಆ ಹೆಸರು. ಮಾರ್ಲಿಯ ವೇಲರ್ಸ್ ತಂಡದ ಕಾರ್ಲ್ಟನ್ ಬ್ಯಾರೆಟ್ ಇದನ್ನು ಜಗತ್ತಿಗೆಲ್ಲ ಕೇಳಿಸಿದ ಡ್ರಮ್ಮರ್. ಹೊಡೆತವಿಲ್ಲದ ಆ ಜಾಗದ ಸುತ್ತ ಬೇಸ್ ಗಿಟಾರು ಸುತ್ತಿ ಬರುತ್ತದೆ, ಕೇಳುವವನ ಮೈ ತಾನೇ ಅಲ್ಲಿಗೆ ಬಾಗುತ್ತದೆ.

ನಮ್ಮಲ್ಲೂ ಅನಾಗತ ಎಡುಪು ಇದೆ, ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವುದು. ಆದರೆ ತಾಳದ ಕೈ ಸಮಕ್ಕೆ ಬಿದ್ದೇ ಬೀಳುತ್ತದೆ ಎಂದು ದಾರಿಯುದ್ದಕ್ಕೂ ಹುಡುಗ ಹೇಳುತ್ತಾ ಬಂದ. ನನಗೆ ಮಾತ್ರ ಆ ಎತ್ತಿದ ಕೈಯೇ ಕಣ್ಣಲ್ಲಿತ್ತು. ಕಬ್ಬಿನ ಗದ್ದೆಯಲ್ಲಿ ಗುಲಾಮರ ಕೆಲಸಕ್ಕೆ ತಾಳ ಹಾಕಿದ ಡೋಲಿನ ಮೊಮ್ಮಕ್ಕಳು ಇವರು. ಧಣಿಗೆ ಬೇಕಾದ ಹೊಡೆತವೊಂದನ್ನು ಕೊಡದೆ ಉಳಿಸಿಕೊಂಡರು ಅನಿಸಿತು. ಇದು ಯಾರೂ ಬರೆದಿಟ್ಟ ಇತಿಹಾಸವಲ್ಲ, ಆ ಅಂಗಳದಲ್ಲಿ ಕೂತ ನನಗೆ ಹೊಳೆದದ್ದು.

ಐದನೆಯ ದಿನ, ಭಾನುವಾರ

ಮಧ್ಯಾಹ್ನದವರೆಗೆ ನಿದ್ದೆ. ಆಮೇಲೆ ಕಾಕ್ಸನ್ ಡಾಡ್‌ನ ಸ್ಟುಡಿಯೊ ವನ್ ಇರುವ ರಸ್ತೆಗೆ ಹೋದೆವು. ಬ್ರೆಂಟ್‌ಫರ್ಡ್ ರೋಡ್ ಎಂದಿದ್ದ ಹೆಸರನ್ನು ಈಗ ಸ್ಟುಡಿಯೊ ವನ್ ಬುಲೆವಾರ್ಡ್ ಎಂದು ಮಾಡಿದ್ದಾರೆ. ಬಾಗಿಲು ಮುಚ್ಚಿತ್ತು.

ರಾತ್ರಿ ಜ್ಯಾಕ್ಸ್ ಹಿಲ್ ಬೆಟ್ಟದ ಮೇಲಿನ ಡಬ್ ಕ್ಲಬ್. ಕೆಳಗೆ ಇಡೀ ಕಿಂಗ್‌ಸ್ಟನ್ನಿನ ದೀಪ. ಅಂಗಳದಲ್ಲಿ ಬಾಕ್ಸುಗಳ ಗೋಡೆ. ನಾನು ಹೋಗಿ ನೇರ ಅದರ ಮುಂದೆ ನಿಂತೆ. ಡಬ್‌ನ ತಂದೆ ಕಿಂಗ್ ಟಬ್ಬಿ ವಾಟರ್‌ಹೌಸ್ ಬಡಾವಣೆಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವರು, ಟ್ರಾನ್ಸ್‌ಫಾರ್ಮರ್ ಸುತ್ತುತ್ತಿದ್ದವರು, ನಮ್ಮ ಕಸುಬಿನವರು. ರೆಕಾರ್ಡ್ ಆದ ಹಾಡಿನಿಂದ ಕಂಠವನ್ನು ತೆಗೆದುಹಾಕಿ, ಬೇಸ್ ಮತ್ತು ಡ್ರಮ್ಮನ್ನು ಮುಂದೆ ತಂದು, ನಡುನಡುವೆ ಹಾಡಿನ ತುಣುಕನ್ನು ಪ್ರತಿಧ್ವನಿಯಲ್ಲಿ ತೇಲಿಬಿಟ್ಟರು. ಅದೇ ಡಬ್. ಹೀಗೆ ಖಾಲಿಯಾದ ಜಾಗದಲ್ಲಿ ಯು-ರಾಯ್‌ನಂಥವರು ಮೈಕು ಹಿಡಿದು ಪ್ರಾಸಕಟ್ಟಿ ಮಾತಾಡಿದರು. ಆ ರೂಢಿಯನ್ನು ಕಿಂಗ್‌ಸ್ಟನ್ನಿನ ಹುಡುಗ ಕೂಲ್ ಹರ್ಕ್ ನ್ಯೂಯಾರ್ಕಿಗೆ ಕೊಂಡೊಯ್ದ. 1973ರ ಆಗಸ್ಟ್‌ನಲ್ಲಿ ಬ್ರಾಂಕ್ಸ್‌ನಲ್ಲಿ ಅವನು ನಡೆಸಿದ ಕೂಟದಿಂದ ಹಿಪ್‌ಹಾಪ್‌ನ ಲೆಕ್ಕ ಶುರುವಾಗುತ್ತದೆ. ರಿಪೇರಿ ಅಂಗಡಿಯ ಮೇಜಿನ ಮೇಲೆ ಹುಟ್ಟಿದ್ದು ಎಲ್ಲಿಯವರೆಗೆ ಹೋಯಿತು ನೋಡಿ! ಅಪ್ಪ ಬದುಕಿದ್ದಿದ್ದರೆ ಇದನ್ನು ಹೇಳುತ್ತಿದ್ದೆ.

ಆರನೆಯ ದಿನ, ಸೋಮವಾರ

ಕಾರು ಮಾಡಿಕೊಂಡು ಪಶ್ಚಿಮಕ್ಕೆ, ಸೇಂಟ್ ಕ್ಯಾಥರೀನ್ ಕಡೆ ಹೊರಟೆವು. ಸ್ಲೈಗೊವಿಲ್ ಹತ್ತಿರದ ಪಿನಕಲ್ ಎಂಬ ಗುಡ್ಡದಲ್ಲಿ 1940ರಲ್ಲಿ ಲೆನಾರ್ಡ್ ಹೋವೆಲ್ ರಾಸ್ತಾಫಾರಿಗಳ ಮೊದಲ ಊರು ಕಟ್ಟಿದ್ದ. ಸೆಲಾಸಿಯನ್ನು ದೇವರೆಂದು ಸಾರಿದ್ದಕ್ಕೆ ರಾಜದ್ರೋಹದ ಮೇಲೆ ಜೈಲು ಕಂಡವನು. 1954ರಲ್ಲಿ ಪೊಲೀಸರು ಆ ಊರನ್ನು ಒಡೆದು ಚದುರಿಸಿದರು. ಜನ ಕಿಂಗ್‌ಸ್ಟನ್ನಿನ ಕೊಳೆಗೇರಿಗೆ ಬಂದರು, ಜೊತೆಗೆ ಅವರ ಡೋಲೂ ಬಂತು. ಹೋವೆಲ್ ಬರೆಯುವಾಗ ಇಟ್ಟುಕೊಂಡ ಹೆಸರು ಗಂಗುಂಗುರು ಮರಾಘ್. ಅದರಲ್ಲಿ ಗುರು ಇದ್ದಾನೆ, ಮಹಾರಾಜ ಇದ್ದಾನೆ. ಇಲ್ಲಿಯ ಭಾರತೀಯ ಮೂಲದವರಲ್ಲಿ ಮರಾಘ್ ಎನ್ನುವ ಮನೆತನಗಳು ಈಗಲೂ ಇವೆ.

ಅವರು ಬಂದಿಳಿದ ತೀರ ಓಲ್ಡ್ ಹಾರ್ಬರ್ ಬೇ. ಗುಲಾಮಗಿರಿ ಮುಗಿದ ಮೇಲೆ ಕಬ್ಬಿಗೆ ಆಳು ಬೇಕಾಯಿತು. 1845ರ ಮೇ 10ರಂದು ಮೊದಲ ಹಡಗು ಇಲ್ಲಿಗೆ 261 ಭಾರತೀಯರನ್ನು ತಂದಿತು. 1917ರವರೆಗೆ ಹಡಗುಗಳು ಬಂದವು, ಮೂವತ್ತಾರು ಸಾವಿರಕ್ಕೂ ಮಿಕ್ಕಿ ಜನ. ಹೆಚ್ಚಿನವರು ಗಂಗೆಯ ಬಯಲಿನವರು. ರಾಸ್ತಾಗಳು ಪೂಜೆಯ ಸೊಪ್ಪಿಗೆ ಹೇಳುವ ಗಾಂಜಾ ಎಂಬ ಪದ ಇವರ ಜೊತೆ ಬಂದದ್ದು.

ಈಗ ಅದು ಮೀನುಗಾರರ ದಂಡೆ. ಮರಗೆಣಸಿನ ರೊಟ್ಟಿ ಬ್ಯಾಮಿ, ಹುರಿದ ಮೀನು. ಹುರಿದು ಕೊಟ್ಟ ಹೆಂಗಸು ನನ್ನ ಮುಖ ನೋಡಿ, ನಮ್ಮ ಅಜ್ಜಿಯೂ ನಿಮ್ಮ ಕಡೆಯವಳೇ, ಶಾಲೆಯಲ್ಲಿ ನಮ್ಮಮ್ಮನನ್ನು ಕೂಲಿ ಎಂದು ಕರೆಯುತ್ತಿದ್ದರು ಎಂದರು. ಹಾಗೆ ಕರೆದರೆ ಅವರು ಏನನ್ನುತ್ತಿದ್ದರು ಎಂದು ಕೇಳಿದೆ. "ಹೌದು, ಕೂಲಿ, ಏನೀಗ?" ಅನ್ನುತ್ತಿದ್ದರಂತೆ. ಚಿಂದಿ ಎಂಬ ಪದವನ್ನು ಕಿಂಗ್‌ಸ್ಟನ್ ಹಾಡಿನ ಹೆಸರು ಮಾಡಿಕೊಂಡದ್ದು ನನಗೆ ಆಗ ಇನ್ನೂ ಹತ್ತಿರವಾಯಿತು.

ದಂಡೆಯ ಮೇಲೆ ಇಬ್ಬರು ಹುಡುಗರು ರಾತ್ರಿಯ ಕುಣಿತಕ್ಕೆ ಬಾಕ್ಸು ಜೋಡಿಸುತ್ತಿದ್ದರು. ಹಾಡು ಹಾಕಿದರು. ಗಿಟಾರು ಸರಿ, ಕಂಠ ಸರಿ, ಬೇಸ್ ಮಾತ್ರ ಸೊರಗಿತ್ತು. ವಾಲ್ಯೂಮ್ ಏರಿಸಿದರೂ ಬರಲೊಲ್ಲದು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹೋಗಿ, ಹಾಡು ನಿಲ್ಲಿಸಿ ಎಂದು ಸನ್ನೆ ಮಾಡಿ, ಬಾಕ್ಸಿನ ಹಿಂದಿನ ವೈರು ಬಿಚ್ಚಿ, ಅವರ ಟಾರ್ಚಿನಿಂದ ಒಂದು ಸೆಲ್ಲು ತೆಗೆದು ಎರಡು ತುದಿಗೆ ಮುಟ್ಟಿಸಿದೆ. ಮೊದಲ ಬಾಕ್ಸಿನ ಕೋನ್ ಹೊರಗೆ ಬಂತು. ಎರಡನೆಯದು ಒಳಗೆ ಹೋಯಿತು. ಪ್ಲಸ್ಸು ಮೈನಸ್ಸು ತಿರುವುಮುರುವು. ಒಂದು ಬಾಕ್ಸು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತಿತ್ತು.

"ಚಿಕ್ಕಪ್ಪಾ, ಅವರ ಸೆಟ್ಟು, ಸುಮ್ನಿರಿ" ಎಂದು ಅಣ್ಣನ ಮಗ ಪಿಸುಗುಟ್ಟಿದ.

ಹುಡುಗರು ಬಗ್ಗಿ ನೋಡಿದರು, ಅರ್ಥವಾಯಿತು. ವೈರು ಬದಲಿಸಿ ತಿರುಪು ಬಿಗಿ ಮಾಡಿದರು. ಮತ್ತೆ ಹಾಡು ಹಾಕಿದರು. ಒಂದು ಖಾಲಿ ಹೋಯಿತು, ಎರಡಕ್ಕೆ ಗಿಟಾರು ಚಕ್ ಅಂದಿತು, ಮೂರಕ್ಕೆ ಮರಳು ಕಾಲಿನಡಿ ನಡುಗಿತು. ಮೀನು ಹುರಿಯುತ್ತಿದ್ದ ಹೆಂಗಸು ಸೌಟು ಹಿಡಿದುಕೊಂಡೇ ಅಂಗಡಿಯಿಂದ ಹೊರಗೆ ಬಂದರು.